ನಮ್ಮ ತುಮಕೂರಲ್ಲಿ ಬೆಂಗಳೂರಿನ ಥರ ಎತ್ತರದ ಬಿಲ್ಡಿಂಗ್ ಯಾಕಿಲ್ಲ?

ಬೇಸಿಗೆ ರಜೆಗೆ ಬೆಂಗಳೂರಿಗೆ ಹೋಗಿ ಬಂದ ಮಕ್ಕಳು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆ ಇದು. ಕಳೆದ ವಾರ ಪಕ್ಕದ ಬೀದಿಯ ಆರನೇ ಕ್ಲಾಸಿನ ಹುಡುಗಿ ಕೇಳಿದಳು. "ಅಂಕಲ್, ಅಲ್ಲಿ ಕತ್ತೆತ್ತಿ ನೋಡಿದ್ರೆ ಕತ್ತು ನೋವು ಬರುತ್ತೆ, ಅಷ್ಟು ಎತ್ತರ. ನಮ್ಮೂರಲ್ಲಿ ಯಾಕಿಲ್ಲ? ನಮ್ಮ ನೆಲಕ್ಕೆ ಶಕ್ತಿ ಇಲ್ವಾ?" ಸ್ವಲ್ಪ ಬೇಜಾರಿನಲ್ಲೇ ಕೇಳಿದಳು. ಮನೆ ಕಟ್ಟಿಸುವುದೇ ನನ್ನ ಕೆಲಸ. ದಿನಾ ಬೆಳಗಾದರೆ ಪಾಯ, ಪಿಲ್ಲರ್, ಮೋಲ್ಡ್ ಅಂತಲೇ ಓಡಾಟ. ಹಾಗಾಗಿ ಅವಳಿಗೆ ನಿಂತ ಜಾಗದಲ್ಲಿ ಒಂದು ಮಾತಲ್ಲಿ ಉತ್ತರ ಕೊಟ್ಟು ಕಳಿಸಲು ಮನಸ್ಸಾಗಲಿಲ್ಲ. ಅವಳಿಗೂ, ಇದೇ ಪ್ರಶ್ನೆ ಇಟ್ಟುಕೊಂಡಿರುವ ಬೇರೆ ಮಕ್ಕಳಿಗೂ ಸೇರಿಸಿ ಬರೆಯುತ್ತಿದ್ದೇನೆ.

ಚಿಕ್ಕ ಉತ್ತರ ಮೊದಲು ಹೇಳಿಬಿಡುತ್ತೇನೆ. ನಮ್ಮ ನೆಲ ತುಂಬಾ ಗಟ್ಟಿ. ಕಟ್ಟುವ ವಿದ್ಯೆಯೂ ಇದೆ. ಇಷ್ಟು ದಿನ ನಮಗೆ ಅಷ್ಟು ಎತ್ತರ ಬೇಕಾಗಿರಲಿಲ್ಲ, ಅಷ್ಟೇ. ಮನೆಯಲ್ಲಿ ಸಾಮಾನು ಇಡಲು ಜಾಗ ಸಾಲದಿದ್ದಾಗ ಅಟ್ಟ ಮಾಡಿಸುತ್ತೇವಲ್ಲ, ಊರಿಗೆ ಜಾಗ ಸಾಲದಿದ್ದಾಗ ಮಹಡಿ ಮೇಲೆ ಮಹಡಿ ಬರುತ್ತದೆ.

ಇನ್ನು ದೊಡ್ಡ ಉತ್ತರ. ಅದಕ್ಕೆ ಒಂದು ಸಂಜೆ ಮನೆಯ ತಾರಸಿ ಹತ್ತಿ. ದೊಡ್ಡವರನ್ನು ಜೊತೆಗೆ ಕರೆದುಕೊಂಡು ಹತ್ತಿ. ಊರು ಮುಗಿದು ಆಕಾಶ ಶುರುವಾಗುವ ಅಂಚಿನ ಮೇಲೆ, ಒಂದು ಕಣ್ಣು ಮುಚ್ಚಿ, ಬೆರಳಲ್ಲಿ ಗೆರೆ ಎಳೆಯುತ್ತಾ ಹೋಗಿ. ಈ ಗೆರೆಗೇ ಸ್ಕೈಲೈನ್ ಅನ್ನುತ್ತಾರೆ. ನಮ್ಮೂರಿನ ಗೆರೆಯಲ್ಲಿ ಏನೇನು ಸಿಗುತ್ತದೆ ನೋಡಿ. ತೆಂಗಿನ ಮರ. ಸಾಲು ಸಾಲು ಕಪ್ಪು ಸಿಂಟೆಕ್ಸ್ ಟ್ಯಾಂಕು. ಬಡಾವಣೆಗೆ ನೀರು ಕೊಡುವ ದೊಡ್ಡ ಓವರ್‌ಹೆಡ್ ಟ್ಯಾಂಕು, ಮೊಬೈಲ್ ಟವರ್, ದೇವಸ್ಥಾನದ ಗೋಪುರ, ಮಸೀದಿಯ ಮಿನಾರು. ಬಿ.ಎಚ್. ರಸ್ತೆ ಕಡೆ ತಿರುಗಿದರೆ ಆಸ್ಪತ್ರೆ, ಅಂಗಡಿ ಸಾಲು, ಅಲ್ಲಲ್ಲಿ ಅಪಾರ್ಟ್‌ಮೆಂಟ್. ಮನೆ ಎಲ್ಲಿದೆ ಅನ್ನುವುದರ ಮೇಲೆ, ಎಲ್ಲದರ ಹಿಂದೆ ದೇವರಾಯನದುರ್ಗದ ಬೆಟ್ಟವೂ ಕಾಣಬಹುದು.

ಎತ್ತರ ಅಂದಾಜು ಮಾಡುವುದು ಸುಲಭ. ಒಂದು ಮಹಡಿಗೆ ಹೆಚ್ಚುಕಡಿಮೆ 10 ಅಡಿ. ಮಹಡಿ ಎಣಿಸಿ, ಹತ್ತರಿಂದ ಗುಣಿಸಿ. ಪಂಡಿತನಹಳ್ಳಿ ಹತ್ತಿರದ ಮಂದರಗಿರಿ ಬೆಟ್ಟದ ಕೆಳಗೆ ಜೈನ ಮುನಿಗಳು ಕೈಯಲ್ಲಿ ಹಿಡಿಯುವ ನವಿಲುಗರಿಯ ಪಿಂಛಿ ಆಕಾರದ ಗುರು ಮಂದಿರ ಇದೆಯಲ್ಲ, ಅದು 81 ಅಡಿ. ಅಂದರೆ ಎಂಟು ಮಹಡಿ ಮನೆಯಷ್ಟು. ಕುಣಿಗಲ್ ಹತ್ತಿರ ಬಿದನಗೆರೆಯ ಪಂಚಮುಖಿ ಆಂಜನೇಯ 161 ಅಡಿ, ಹದಿನಾರು ಮಹಡಿ ಲೆಕ್ಕ! ನಮ್ಮ ಜಿಲ್ಲೆಯಲ್ಲಿ ಎತ್ತರಕ್ಕೆ ಕಟ್ಟಿಲ್ಲ ಅಂತ ಯಾರು ಹೇಳಿದ್ದು? ಆದರೆ ಅಲ್ಲಿ ಹದಿನಾರು ಮಹಡಿಯಲ್ಲಿ ಜನ ಸಂಸಾರ ಮಾಡಿಕೊಂಡಿಲ್ಲ. ಜನ ವಾಸ ಮಾಡುವ, ಕೆಲಸ ಮಾಡುವ ಎತ್ತರದ ಕಟ್ಟಡದ ಕಷ್ಟವೇ ಬೇರೆ. ನಮ್ಮ ದೇಶದ ಕಟ್ಟಡ ನಿಯಮಾವಳಿಯಲ್ಲಿ 15 ಮೀಟರ್ ಮುಟ್ಟಿದರೆ ಅದನ್ನು ಎತ್ತರದ ಕಟ್ಟಡ ಅಂತಲೇ ಲೆಕ್ಕ ಹಾಕುತ್ತಾರೆ. ಸುಮಾರು ಐದು ಮಹಡಿ. ಆ ಲೆಕ್ಕ ಹಿಡಿದರೆ ನಮ್ಮ ತುಮಕೂರಲ್ಲೂ ಎತ್ತರದ ಕಟ್ಟಡಗಳು ಇವೆ.

ಈಗ ಕಷ್ಟ ಏನು ಅಂತ ನೋಡೋಣ. ಮೊದಲನೆಯದು ತೂಕ. ನೀವು ಮಲಗುವ ಕೋಣೆ 10 ಅಡಿಗೆ 10 ಅಡಿ ಇದೆ ಅಂದುಕೊಳ್ಳಿ. ಅದರ ಮೇಲಿನ ಮೋಲ್ಡ್ 5 ಇಂಚು ದಪ್ಪ ಇದ್ದರೆ, ಅಷ್ಟು ಕಾಂಕ್ರೀಟಿನ ತೂಕ ಹತ್ತಿರ ಹತ್ತಿರ 3 ಟನ್. ಒಂದು ಆನೆಯಷ್ಟು! ದಿನಾ ರಾತ್ರಿ ನಿಮ್ಮ ತಲೆ ಮೇಲೆ ಒಂದು ಆನೆ ನಿಂತಿರುತ್ತದೆ, ನೀವು ಆರಾಮಾಗಿ ನಿದ್ದೆ ಮಾಡುತ್ತೀರಿ. ಅದರ ಮೇಲೆ ಸಾವಿರ ಲೀಟರಿನ ನೀರಿನ ಟ್ಯಾಂಕು ಇಟ್ಟರೆ ಇನ್ನೊಂದು ಟನ್. ಇದು ಒಂದು ಕೋಣೆಯ, ಒಂದು ಮಹಡಿಯ ಕತೆ. ಗೋಡೆ, ಕಲ್ಲು, ಸಾಮಾನು, ಜನ ಯಾವುದನ್ನೂ ಇನ್ನೂ ಸೇರಿಸಿಲ್ಲ. ಮಹಡಿ ಏರಿದ ಹಾಗೆ ಆನೆಗಳ ಹಿಂಡೇ ಮೇಲೆ ಹತ್ತುತ್ತದೆ, ಮತ್ತು ಅಷ್ಟೂ ಭಾರ ಕೊನೆಗೆ ನೆಲಕ್ಕೇ ಇಳಿಯಬೇಕು. ಬೇರೆ ಎಲ್ಲಿಗೆ ಹೋಗುತ್ತದೆ ಹೇಳಿ?

ಆ ಭಾರ ನೆಲಕ್ಕೆ ಇಳಿಯುವ ದಾರಿ ಹೇಗೆ ಮಾಡುತ್ತಾರೆ ಅನ್ನುವುದನ್ನು ನಮ್ಮ ಕ್ಯಾತಸಂದ್ರದ ತಟ್ಟೆ ಇಡ್ಲಿ ತುಂಬಾ ಚೆನ್ನಾಗಿ ತೋರಿಸುತ್ತದೆ. ಬಿಸಿ ಬಿಸಿ ತಟ್ಟೆ ಇಡ್ಲಿಗಳನ್ನು ಒಂದರ ಮೇಲೊಂದು ಪೇರಿಸುತ್ತಾ ಹೋಗಿ. ನಾಲ್ಕು ಇಡ್ಲಿ ಆಗುವಾಗ ಕೆಳಗಿನದು ಅಪ್ಪಚ್ಚಿ ಆಗಲು ಶುರುವಾಗುತ್ತದೆ. ಹತ್ತು ಪೇರಿಸಿದರೆ ಕೆಳಗಿನದನ್ನು ತಿನ್ನೋಕೆ ಆಗಲ್ಲ. ಯಾಕೆಂದರೆ ಮೇಲಿನ ಅಷ್ಟೂ ಇಡ್ಲಿಯ ಭಾರವನ್ನು ಅದೊಂದೇ ಹೊರಬೇಕು. ಈಗ ಅದೇ ಹೋಟೆಲಿನ ಒಲೆ ಹತ್ತಿರ ಹೋಗಿ ಪಾತ್ರೆಯೊಳಗಿನ ಸ್ಟ್ಯಾಂಡ್ ನೋಡಿ. ಅಲ್ಲೂ ಇಡ್ಲಿಗಳು ಒಂದರ ಮೇಲೊಂದು ಇವೆ. ಆದರೆ ಪ್ರತಿ ಇಡ್ಲಿಗೆ ತನ್ನದೇ ತಟ್ಟೆ. ತಟ್ಟೆಗಳನ್ನು ಹಿಡಿದಿರುವುದು ಸುತ್ತಲೂ ನಿಂತ ಕಂಬಿಗಳು. ಭಾರ ತಟ್ಟೆಯಿಂದ ಕಂಬಿಗೆ, ಕಂಬಿಯಿಂದ ಪಾತ್ರೆಯ ತಳಕ್ಕೆ. ಎಲ್ಲಕ್ಕಿಂತ ಕೆಳಗಿನ ಇಡ್ಲಿಗೂ ಎಲ್ಲಕ್ಕಿಂತ ಮೇಲಿನ ಇಡ್ಲಿಗೂ ಒಂದೇ ಸುಖ. ಎರಡೂ ಹೂವಿನ ಹಾಗೆ ಉಬ್ಬುತ್ತವೆ.

ಹಳೆಯ ಕಾಲದ ಕಟ್ಟಡಗಳು ಪೇರಿಸಿದ ಇಡ್ಲಿ ಇದ್ದ ಹಾಗೆ. ಅಲ್ಲಿ ಗೋಡೆಯೇ ಗೋಡೆಯನ್ನು ಹೊರಬೇಕು. ಎತ್ತರ ಜಾಸ್ತಿ ಆದ ಹಾಗೆ ಕೆಳಗಿನ ಗೋಡೆ ದಪ್ಪ ಆಗುತ್ತಾ ಹೋಗಬೇಕು. ವಿಜಯಪುರದ ಗೋಳಗುಮ್ಮಟಕ್ಕೆ ಪ್ರವಾಸ ಹೋಗಿದ್ದರೆ ನೆನಪಿಸಿಕೊಳ್ಳಿ, ಅದರ ಗೋಡೆ ಸುಮಾರು 3 ಮೀಟರ್ ದಪ್ಪ. ನಮ್ಮ ಕಡೆಯ ದೊಡ್ಡ ಗೋಪುರಗಳಲ್ಲಿ ಕೆಳಗೆ ಭಾರದ ಕಲ್ಲು, ಮೇಲೆ ಹಗುರವಾದ ಇಟ್ಟಿಗೆ ಗಾರೆ, ಆಕಾರವೂ ಮೇಲೆ ಹೋದಂತೆ ಕಿರಿದು. ಕಟ್ಟಿದವರು ಎಷ್ಟು ಯೋಚನೆ ಮಾಡಿದ್ದಾರೆ ನೋಡಿ. ಅಮೆರಿಕದ ಶಿಕಾಗೊ ಊರಿನಲ್ಲಿ 1891ರ ಸುಮಾರಿಗೆ ಮೊನಾಡ್‌ನಾಕ್ ಅಂತ 16 ಮಹಡಿಯ ಇಟ್ಟಿಗೆ ಕಟ್ಟಡ ಕಟ್ಟಿದರು. ಅದರ ಕೆಳಗಿನ ಗೋಡೆ 6 ಅಡಿ ದಪ್ಪ! ಒಬ್ಬ ದೊಡ್ಡ ಮನುಷ್ಯ ಗೋಡೆಯೊಳಗೇ ಅಡ್ಡ ಮಲಗಬಹುದು. ಅಂಥ ಗೋಡೆಯ ಮಧ್ಯೆ ಅಂಗಡಿಗೆ ಜಾಗ ಎಷ್ಟು ಉಳಿಯುತ್ತದೆ? ಕಿಟಕಿ ಎಷ್ಟು ದೊಡ್ಡದು ಇಡಬಹುದು?

ಅದೇ ಊರಿನಲ್ಲಿ, ಅದಕ್ಕೂ ಸ್ವಲ್ಪ ಮೊದಲು, 1885ರಲ್ಲಿ ಇನ್ನೊಂದು ಕಟ್ಟಡ ಎದ್ದಿತ್ತು. ಹೋಮ್ ಇನ್ಶೂರೆನ್ಸ್ ಬಿಲ್ಡಿಂಗ್. ಬರೀ 10 ಮಹಡಿ, 42 ಮೀಟರ್. ಆದರೆ ಅದರಲ್ಲಿ ಭಾರ ಹೊರುವ ಕೆಲಸದ ಬಹುಪಾಲನ್ನು ಗೋಡೆಯಿಂದ ತೆಗೆದು ಕಬ್ಬಿಣ ಮತ್ತು ಉಕ್ಕಿನ ಚೌಕಟ್ಟಿಗೆ ಕೊಟ್ಟಿದ್ದರು. ಇಡ್ಲಿ ಸ್ಟ್ಯಾಂಡಿನ ಉಪಾಯ! ಗಗನಚುಂಬಿ ಕಟ್ಟಡಗಳ ಕತೆ ಹೇಳುವವರು ಸಾಮಾನ್ಯವಾಗಿ ಇಲ್ಲಿಂದಲೇ ಶುರು ಮಾಡುತ್ತಾರೆ. ಇವತ್ತು ನಿಮ್ಮ ಬೀದಿಯಲ್ಲಿ ಕಟ್ಟುತ್ತಿರುವ ಮೂರು ಮಹಡಿ ಮನೆಯಲ್ಲೂ ಅದೇ ಇದೆ. ಮೊದಲು ಪಿಲ್ಲರ್ ಏಳುತ್ತದೆ, ಪಿಲ್ಲರಿಗೆ ಪಿಲ್ಲರ್ ಸೇರಿಸುವ ಬೀಮ್, ಅದರ ಮೇಲೆ ಮೋಲ್ಡ್. ಗೋಡೆ ಕಟ್ಟುವುದು ಆಮೇಲೆ. ಅಂಥ ಮನೆಯಲ್ಲಿ ಗೋಡೆಯ ಕೆಲಸ ಗಾಳಿ, ಮಳೆ, ಪಕ್ಕದ ಮನೆಯ ಟಿವಿ ಸದ್ದು ತಡೆಯುವುದು ಮಾತ್ರ.

ನಮ್ಮ ಕಡೆ ಸ್ಟ್ಯಾಂಡ್ ಮಾಡುವುದು ಕಾಂಕ್ರೀಟ್ ಮತ್ತು ಕಂಬಿ ಸೇರಿಸಿ. ಇದು ನನಗೆ ತುಂಬಾ ಇಷ್ಟದ ವಿಷಯ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಿಮ್ಮ ಪೆನ್ಸಿಲ್ ಬಾಕ್ಸಿನಿಂದ ಉದ್ದನೆಯ ರಬ್ಬರ್ ತೆಗೆಯಿರಿ. ಅದರ ಪಕ್ಕದ ಮೈ ಮೇಲೆ ಪೆನ್ನಿನಲ್ಲಿ ನೇರ ಗೆರೆಗಳನ್ನು ಒಂದೇ ಅಂತರದಲ್ಲಿ ನಿಲ್ಲಿಸಿ. ಈಗ ಎರಡೂ ತುದಿ ಹಿಡಿದು ಮಧ್ಯ ಕೆಳಗೆ ಜಗ್ಗುವ ಹಾಗೆ ಬಗ್ಗಿಸಿ. ಮೇಲ್ಗಡೆ ಗೆರೆಗಳು ಹತ್ತಿರ ಬಂದವು, ಕೆಳಗಡೆ ದೂರ ಹೋದವು, ಅಲ್ವಾ? ಅಂದರೆ ಮೇಲ್ಭಾಗ ಅಮುಕಿಸಿಕೊಳ್ಳುತ್ತಿದೆ, ಕೆಳಭಾಗ ಎಳೆಸಿಕೊಳ್ಳುತ್ತಿದೆ. ಮನೆಯ ಮೋಲ್ಡಿನಲ್ಲೂ ಹೀಗೇ ಆಗುತ್ತದೆ, ಕಣ್ಣಿಗೆ ಕಾಣದಷ್ಟು ಕಡಿಮೆ ಅಷ್ಟೇ. ಕಾಂಕ್ರೀಟನ್ನು ಅಮುಕಿದರೆ ಚೆನ್ನಾಗಿ ತಡೆದುಕೊಳ್ಳುತ್ತದೆ. ಎಳೆದರೆ ಮಾತ್ರ ಬೇಗ ಬಿರುಕು ಬಿಡುತ್ತದೆ. ಎಳೆತ ತಡೆಯುವ ಶಕ್ತಿ ಅದಕ್ಕೆ ಹತ್ತರಲ್ಲಿ ಒಂದು ಪಾಲು ಕೂಡ ಕಷ್ಟ. ಉಕ್ಕಿನ ಕಂಬಿ ಎಳೆತಕ್ಕೆ ಬಗ್ಗುವುದಿಲ್ಲ. ಅದಕ್ಕೇ ಎಳೆತ ಇರುವ ಕಡೆ, ಅಂದರೆ ಮೋಲ್ಡಿನ ಕೆಳಭಾಗದಲ್ಲಿ, ಕಂಬಿ ಕೂರಿಸುತ್ತಾರೆ. ಇನ್ನೊಂದು ಅದೃಷ್ಟ ಏನೆಂದರೆ ಬಿಸಿಲಿಗೆ ಕಾಂಕ್ರೀಟ್ ಎಷ್ಟು ಹಿಗ್ಗುತ್ತದೋ ಉಕ್ಕೂ ಹೆಚ್ಚುಕಡಿಮೆ ಅಷ್ಟೇ ಹಿಗ್ಗುತ್ತದೆ. ಹಾಗಾಗದೆ ಇದ್ದಿದ್ದರೆ ಏಪ್ರಿಲ್ ಬಿಸಿಲಿಗೆ ಎರಡೂ ಒಂದನ್ನೊಂದು ಬಿಟ್ಟುಕೊಳ್ಳುತ್ತಿದ್ದವು.

ಕಿಟಕಿ ಮೇಲಿನ ಸಜ್ಜದಲ್ಲಿ ಇದು ಉಲ್ಟಾ. ಸಜ್ಜ ಗೋಡೆಯಿಂದ ಹೊರಗೆ ಚಾಚಿಕೊಂಡಿರುತ್ತದೆ, ಅದರ ಮೂತಿ ಕೆಳಗೆ ಬಗ್ಗಲು ನೋಡುತ್ತದೆ. ಆಗ ಎಳೆತ ಬರುವುದು ಮೇಲ್ಭಾಗಕ್ಕೆ. ರಬ್ಬರಿನ ಒಂದೇ ತುದಿ ಹಿಡಿದು ಇನ್ನೊಂದು ತುದಿ ಒತ್ತಿ ನೋಡಿ, ಗೊತ್ತಾಗುತ್ತದೆ. ಆದ್ದರಿಂದ ಸಜ್ಜದ ಕಂಬಿ ಮೇಲಿರಬೇಕು. ಮೋಲ್ಡ್ ಹಾಕುವ ದಿನ ಸೈಟಿನಲ್ಲಿ ಜಾತ್ರೆ ಇದ್ದ ಹಾಗೆ ಇರುತ್ತದೆ. ಮಿಕ್ಸರ್ ಗಡಗಡ ಅನ್ನುತ್ತಿರುತ್ತದೆ, ಬಾಂಡ್ಲಿ ಕೈಯಿಂದ ಕೈಗೆ ಓಡುತ್ತಿರುತ್ತದೆ, ಎಲ್ಲರಿಗೂ ಅವಸರ. ಆ ಗಡಿಬಿಡಿಯಲ್ಲಿ ಯಾರಾದರೂ ಸಜ್ಜದ ಕಂಬಿ ಮೇಲೆ ಕಾಲಿಟ್ಟರೆ ಅದು ತುಳಿತಕ್ಕೆ ಕೆಳಗೆ ಕೂತುಬಿಡುತ್ತದೆ. ಮೇಲೆ ಕಾಂಕ್ರೀಟ್ ಸುರಿದ ಮೇಲೆ ಯಾರಿಗೂ ಕಾಣುವುದಿಲ್ಲ. ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ಕಡೆ ಹೀಗೇ ಆಗಿ, ಕಾಂಕ್ರೀಟ್ ಗಟ್ಟಿಯಾಗುವವರೆಗೆ ಕೆಳಗಿನಿಂದ ಹಿಡಿದಿರುವ ಸೆಂಟ್ರಿಂಗ್ ಬಿಚ್ಚಿದ ತಕ್ಷಣ ಸಜ್ಜ ಪೂರ್ತಿ ಕಳಚಿ ಬಿತ್ತು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. ಮುರಿದ ಅಂಚಿನಲ್ಲಿ ಕಂಬಿ ಎಲ್ಲಿದೆ ಅಂತ ನಮ್ಮ ಮೇಸ್ತ್ರಿ ಬೆರಳಿಟ್ಟು ತೋರಿಸಿದರು. ಮೇಲಿರಬೇಕಾಗಿದ್ದದ್ದು ತಳದಲ್ಲಿ, ಅಂಟಿಕೊಂಡ ಹಾಗೆ ಇತ್ತು. ಎರಡು ಇಂಚಿನ ವ್ಯತ್ಯಾಸ! ಅವತ್ತಿನಿಂದ ಪ್ರತಿ ಮೋಲ್ಡಿನ ದಿನ ಅವರು ಸಜ್ಜದ ಪಕ್ಕದಲ್ಲೇ ನಿಂತು "ಲೇ, ಕಂಬಿ ಮೇಲೆ ಕಾಲಿಡಬೇಡ್ರೋ" ಅಂತ ಸಂಜೆವರೆಗೂ ಕೂಗುತ್ತಿದ್ದರು. ಈಗ ಆ ಕೆಲಸ ನನ್ನದು.

ಮೋಲ್ಡ್ ಹಾಕಿದ ಮೇಲೆ ಅದರ ಮೇಲೆ ಗಾರೆಯ ಪುಟ್ಟ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದನ್ನು ನೋಡಿರುತ್ತೀರಿ. ಅದು ಕ್ಯೂರಿಂಗ್. ಕಾಂಕ್ರೀಟ್ ಒಣಗಿ ಗಟ್ಟಿಯಾಗುವುದಿಲ್ಲ. ಸಿಮೆಂಟು ನೀರಿನ ಜೊತೆ ಸೇರಿಕೊಂಡೇ ಗಟ್ಟಿಯಾಗುತ್ತದೆ. ಅದಕ್ಕೆ ಸಮಯ ಬೇಕು. ಕಾಂಕ್ರೀಟಿನ ಶಕ್ತಿಯನ್ನು 28 ದಿನ ಬಿಟ್ಟು ಅಳೆಯುವುದು ಲೋಕದ ರೂಢಿ.

ಎರಡನೆಯ ಕಷ್ಟ ಗಾಳಿ. ಮೂರು ಮಹಡಿ ಮನೆಗೆ ಗಾಳಿಯ ಚಿಂತೆ ಅಷ್ಟಿಲ್ಲ. ಮೂವತ್ತು ಮಹಡಿಗೆ ಅದೇ ದೊಡ್ಡ ಚಿಂತೆ. ನೆಲದ ಹತ್ತಿರ ಮನೆ, ಮರ ಎಲ್ಲ ಗಾಳಿಯನ್ನು ತಡೆಯುತ್ತವೆ. ಮೇಲೆ ಹೋದಂತೆ ತಡೆಯುವವರಿಲ್ಲ, ಗಾಳಿಯ ವೇಗ ಜಾಸ್ತಿ. ನಮ್ಮದು ಕಲ್ಪತರು ನಾಡು, ತೆಂಗಿನ ಮರ ನಮಗೆ ಪಾಠ ಹೇಳುತ್ತದೆ. ಮಳೆಗಾಲದ ಮೊದಲ ಬಿರುಗಾಳಿಗೆ ತೆಂಗಿನ ಮರ ಹೇಗೆ ಓಲಾಡುತ್ತದೆ ನೋಡಿದ್ದೀರಲ್ಲ? ಓಲಾಡುವುದರಿಂದಲೇ ಅದು ಉಳಿಯುತ್ತದೆ. ದೊಡ್ಡ ಕಟ್ಟಡಗಳೂ ಗಾಳಿಗೆ ಸ್ವಲ್ಪ ಓಲಾಡುತ್ತವೆ, ಹಾಗೆ ಓಲಾಡಲೆಂದೇ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಆದರೆ ಒಳಗಿರುವ ಜನಕ್ಕೆ ತಲೆ ಸುತ್ತಬಾರದು ನೋಡಿ, ಅದಕ್ಕೆ ಮಿತಿ ಹಾಕಬೇಕು. ಲಿಫ್ಟ್ ಓಡಾಡುವ ಗೂಡಿನ ಸುತ್ತ ದಪ್ಪ ಕಾಂಕ್ರೀಟ್ ಗೋಡೆ ಕಟ್ಟಿ ಅದನ್ನೇ ಕಟ್ಟಡದ ಬೆನ್ನುಮೂಳೆ ಮಾಡುತ್ತಾರೆ. ತೈವಾನ್ ದೇಶದ ತೈಪೆ 101 ಅನ್ನುವ 508 ಮೀಟರ್ ಎತ್ತರದ ಕಟ್ಟಡದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಮೇಲಿನ ಮಹಡಿಗಳ ನಡುವೆ 660 ಟನ್ನಿನ ಉಕ್ಕಿನ ಗುಂಡನ್ನು ಲೋಲಕದ ಹಾಗೆ ನೇತುಹಾಕಿದ್ದಾರೆ. ಕಟ್ಟಡ ಒಂದು ಕಡೆ ವಾಲಿದರೆ ಗುಂಡು ಹಿಂದೆ ಉಳಿದು ಅದನ್ನು ಎದುರು ದಿಕ್ಕಿಗೆ ಎಳೆಯುತ್ತದೆ. 2015ರ ಆಗಸ್ಟಿನಲ್ಲಿ ಬಂದ ಚಂಡಮಾರುತಕ್ಕೆ ಆ ಗುಂಡು ಒಂದು ಮೀಟರಿನಷ್ಟು ತೂಗಾಡಿತು, ಕಟ್ಟಡಕ್ಕೆ ಏನೂ ಆಗಲಿಲ್ಲ.

ಈಗ ಆ ಹುಡುಗಿಯ ಅಸಲು ಅನುಮಾನಕ್ಕೆ ಬರೋಣ. ನಮ್ಮ ನೆಲಕ್ಕೆ ಶಕ್ತಿ ಇಲ್ವಾ? ಇದೆ ಪುಟ್ಟಿ, ಬೇರೆ ಊರಿನವರು ಆಸೆಪಡುವಷ್ಟು ಇದೆ. ಮಧುಗಿರಿಯ ಏಕಶಿಲಾ ಬೆಟ್ಟ ನೋಡಿದ್ದೀಯಲ್ಲ? ಆ ಕಗ್ಗಲ್ಲು ಸುಮಾರು 250 ಕೋಟಿ ವರ್ಷ ಹಳೆಯದು. ನಮ್ಮ ಜಿಲ್ಲೆಯ ಬಹಳ ಕಡೆ ಮಣ್ಣಿನ ಕೆಳಗೆ ಇಂಥದ್ದೇ ಗಟ್ಟಿ ಬಂಡೆ ಹಾಸಿಕೊಂಡಿದೆ. ಬೋರ್‌ವೆಲ್ ಕೊರೆಯುವವರನ್ನು ಕೇಳಿದರೆ ಬಂಡೆಯ ಕತೆ ಸಾಕಷ್ಟು ಹೇಳುತ್ತಾರೆ. ಕೆಲವು ಸೈಟಿನಲ್ಲಿ ನಾಲ್ಕೈದು ಅಡಿ ಪಾಯ ತೆಗೆಯುವಷ್ಟರಲ್ಲೇ ಗುದ್ದಲಿಗೆ ಟಣ್ ಅಂತ ಬಂಡೆ ಸಿಗುತ್ತದೆ. ದುಬೈನ ಬುರ್ಜ್ ಖಲೀಫಾ 828 ಮೀಟರ್, 2010ರಲ್ಲಿ ತೆರೆದದ್ದು, ಇವತ್ತಿಗೂ ಜಗತ್ತಿನ ಅತಿ ಎತ್ತರದ ಕಟ್ಟಡ. ಅದನ್ನು ನಿಲ್ಲಿಸಲು ಮರಳುಗಾಡಿನ ನೆಲದೊಳಗೆ ಒಂದೂವರೆ ಮೀಟರ್ ದಪ್ಪದ 192 ಕಾಂಕ್ರೀಟ್ ಕಂಬಗಳನ್ನು ಸುಮಾರು 50 ಮೀಟರ್ ಆಳಕ್ಕೆ ಇಳಿಸಬೇಕಾಯಿತು.

ಹಾಗಂತ ಎಲ್ಲಿ ಬೇಕೋ ಅಲ್ಲಿ ಕಟ್ಟುವುದಕ್ಕೂ ಆಗುವುದಿಲ್ಲ. ಕೆರೆ ಅಂಗಳದ ಗೋಡು ಮಣ್ಣು ಮೆತ್ತಗಿರುತ್ತದೆ. ಅಂಥ ಕಡೆ ಕಟ್ಟಡದ ಒಂದು ಪಕ್ಕ ಜಾಸ್ತಿ ಕುಸಿದರೆ ಕಷ್ಟ. ಇಟಲಿಯ ಪೀಸಾ ಗೋಪುರ ನಿಮ್ಮ ಪುಸ್ತಕದಲ್ಲಿ ಇದೆಯಲ್ಲ, ಅದನ್ನು 1173ರಲ್ಲಿ ಶುರು ಮಾಡಿದರು, ಮೂರನೇ ಅಂತಸ್ತಿಗೆ ಬರುವಷ್ಟರಲ್ಲೇ ಮೆತ್ತನೆಯ ನೆಲದಿಂದ ವಾಲತೊಡಗಿತ್ತು. ಅದಕ್ಕೇ ದೊಡ್ಡ ಕಟ್ಟಡಕ್ಕೆ ಮೊದಲು ಮಣ್ಣು ಪರೀಕ್ಷೆ ಮಾಡಿಸಬೇಕು. ಸಣ್ಣ ಮನೆಗೂ ಮಾಡಿಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಹಾಗಾದರೆ ಯಾಕೆ ಇಲ್ಲ? ಮತ್ತೆ ಅಟ್ಟದ ಮಾತಿಗೆ ಬಂದೆವು. 2011ರ ಜನಗಣತಿಯಲ್ಲಿ ಬೆಂಗಳೂರಲ್ಲಿ 84 ಲಕ್ಷ ಜನ ಇದ್ದರು, ತುಮಕೂರಲ್ಲಿ 3 ಲಕ್ಷ ಚಿಲ್ಲರೆ. ಅಲ್ಲಿ ಎಲ್ಲರಿಗೂ ಕೆಲಸದ ಜಾಗದ ಹತ್ತಿರವೇ ಮನೆ ಬೇಕು, ಆಫೀಸು ಬೇಕು. ಜಾಗ ಇರುವುದು ಅಷ್ಟೇ. ಸೈಟಿನ ಬೆಲೆ ಏರಿ ಏರಿ, ಅದೇ ಸೈಟಿನ ಮೇಲೆ ನೂರು ಮನೆ ಕಟ್ಟಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ ಅನ್ನುವ ಸ್ಥಿತಿ ಬರುತ್ತದೆ. ಮುಂಬೈಯಲ್ಲಂತೂ ಮೂರು ಕಡೆ ಸಮುದ್ರ, ಬೆಳೆಯಲು ಆಕಾಶವೇ ದಾರಿ. ನಮ್ಮಲ್ಲಿ ಹಾಗಿರಲಿಲ್ಲ. ಚಿಕ್ಕಪೇಟೆ ತುಂಬಿದಾಗ ಊರು ಆಚೆ ಹರಡಿತು, ಬಟವಾಡಿ ಕಡೆ, ಶಿರಾ ಗೇಟ್ ಕಡೆ, ಕ್ಯಾತಸಂದ್ರದವರೆಗೂ ಹೋಯಿತು. 30-40 ಸೈಟು ತೆಗೆದುಕೊಂಡು, ಮುಂದೆ ಒಂದು ತೆಂಗಿನ ಗಿಡ ಇಟ್ಟು, ನೆಲದ ಮೇಲೇ ಮನೆ ಕಟ್ಟಿಕೊಳ್ಳಬಹುದಾದಾಗ ಹದಿನೈದನೇ ಮಹಡಿಗೆ ಯಾರು ಹೋಗುತ್ತಾರೆ?

ಯಾಕೆಂದರೆ ಮೇಲೆ ಹೋಗುವುದು ಸುಮ್ನೆ ಆಗುವುದಿಲ್ಲ. ಮೊದಲು ಮನುಷ್ಯರು ಹತ್ತಬೇಕು. ಮೂರು ನಾಲ್ಕು ಮಹಡಿ ಮೆಟ್ಟಿಲು ಹತ್ತಬಹುದು, ಅಜ್ಜಿಗೆ ಅದೂ ಆಗಲ್ಲ. ಲಿಫ್ಟ್ ಬರುವ ಮೊದಲು ದೊಡ್ಡ ಊರುಗಳಲ್ಲೂ ಮೇಲಿನ ಮಹಡಿಗೆ ಬಾಡಿಗೆ ಕಡಿಮೆ ಇತ್ತು, ಯಾರಿಗೂ ಬೇಡವಾಗಿತ್ತು. 1850ರ ದಶಕದಲ್ಲಿ ಎಲಿಷಾ ಓಟಿಸ್ ಅನ್ನುವವರು ನ್ಯೂಯಾರ್ಕಿನಲ್ಲಿ ಜನರ ಮುಂದೆ ಲಿಫ್ಟಿನ ಮೇಲೆ ತಾವೇ ನಿಂತು ಅದರ ಹಗ್ಗ ಕತ್ತರಿಸಿಸಿದರು. ಲಿಫ್ಟ್ ಬೀಳಲಿಲ್ಲ, ಅವರು ಮಾಡಿದ್ದ ಬ್ರೇಕ್ ಹಿಡಿದುಕೊಂಡಿತು. ಆಮೇಲೆ ಜನಕ್ಕೆ ಧೈರ್ಯ ಬಂತು. ನಮ್ಮ ಮುರುಡೇಶ್ವರದಲ್ಲಿ 20 ಅಂತಸ್ತಿನ ರಾಜಗೋಪುರಕ್ಕೇ ಲಿಫ್ಟ್ ಇದೆ, ಹತ್ತಿದ್ದೀರಾ?

ಆಮೇಲೆ ನೀರು. ಒಬ್ಬರಿಗೆ ದಿನಕ್ಕೆ 135 ಲೀಟರ್ ಬೇಕು ಅಂತ ನಗರಗಳಲ್ಲಿ ಲೆಕ್ಕ ಇಟ್ಟುಕೊಳ್ಳುತ್ತಾರೆ. ನೂರು ಮನೆ, ಮನೆಗೆ ನಾಲ್ಕು ಜನ ಅಂದರೆ ದಿನಕ್ಕೆ 54 ಸಾವಿರ ಲೀಟರ್, ಅಂದರೆ 54 ಟನ್ ನೀರನ್ನು ಪ್ರತಿದಿನ ಮೇಲಕ್ಕೆ ತಳ್ಳಬೇಕು. ಹದಿನೆಂಟು ಆನೆ! ನಮ್ಮೂರಿಗೆ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದು, ಅಲ್ಲಿಂದ ಊರಿಗೆ ಬರಬೇಕು. ಅದು ಬರುವ ದಿನ ನಲ್ಲಿ ಹತ್ತಿರ ಅಮ್ಮ ಹೇಗೆ ಕಾಯುತ್ತಾರೆ ಅಂತ ನಿಮಗೇ ಗೊತ್ತು.

ಬೆಂಕಿಯ ಮಾತು ಇನ್ನೂ ಮುಖ್ಯ. ಬೆಂಕಿ ಬಿದ್ದಾಗ ಲಿಫ್ಟ್ ಹತ್ತಬಾರದು, ಮೆಟ್ಟಿಲಲ್ಲೇ ಇಳಿಯಬೇಕು. ಹಾಗಾಗಿ ಎತ್ತರದ ಕಟ್ಟಡಕ್ಕೆ ಒಂದು ಮೆಟ್ಟಿಲು ಸಾಲುವುದಿಲ್ಲ. ಒಂದರಲ್ಲಿ ಹೊಗೆ ತುಂಬಿದರೆ ಇಳಿಯಲು ಇನ್ನೊಂದು ಇರಬೇಕು. ಅಗ್ನಿಶಾಮಕ ದಳದ ದೊಡ್ಡ ಏಣಿಯ ಗಾಡಿ ಬಂದು ನಿಂತು ತಿರುಗಲು ಸುತ್ತ ಜಾಗ ಇರಬೇಕು. ಪಾಲಿಕೆಯವರು ನಕ್ಷೆ ಮಂಜೂರು ಮಾಡುವಾಗ ಮುಂದಿನ ರಸ್ತೆ ಎಷ್ಟು ಅಗಲ, ಸುತ್ತ ಎಷ್ಟು ಜಾಗ ಬಿಟ್ಟಿದ್ದೀರಿ ಅಂತ ಕೇಳುವುದು ಇದಕ್ಕೇ. ನಮ್ಮ ಹಳೇ ಪೇಟೆಯ ಬೀದಿಗಳಲ್ಲಿ ಎರಡು ಆಟೋ ಎದುರುಬದುರಾದರೆ ಒಂದು ಹಿಂದೆ ಹೋಗಬೇಕು. ಅಲ್ಲಿ ಹದಿನೈದು ಮಹಡಿ ಬೇಕು ಅಂತ ಯಾರಾದರೂ ಬಂದರೆ ನಾನಂತೂ ಬೇಡ ಅಂತಲೇ ಹೇಳುತ್ತೇನೆ.

ಮುಂದೆ ಬರುತ್ತವಾ? ಬರುತ್ತವೆ. ಬೆಂಗಳೂರು ಬರೀ 70 ಕಿಲೋಮೀಟರ್ ದೂರ, ಇಲ್ಲಿದ್ದುಕೊಂಡು ಅಲ್ಲಿಗೆ ಕೆಲಸಕ್ಕೆ ಹೋಗಿ ಬರುವವರು ನಮ್ಮ ಬೀದಿಯಲ್ಲೇ ಇದ್ದಾರೆ. ವಸಂತನರಸಾಪುರದ ಕಡೆ ಕಾರ್ಖಾನೆಗಳು ಬಂದಿವೆ. ಸೈಟಿನ ಬೆಲೆ ಮೊದಲಿನ ಹಾಗಿಲ್ಲ. ನೀವು ದೊಡ್ಡವರಾಗುವಷ್ಟರಲ್ಲಿ ನಿಮ್ಮ ತಾರಸಿಯಿಂದ ಕಾಣುವ ಗೆರೆ ಬದಲಾಗಿರುತ್ತದೆ. ಬರಲಿ, ಆದರೆ ಅಗಲ ರಸ್ತೆಯಲ್ಲಿ ಬರಲಿ, ಕೆರೆಯ ಜಾಗ ಬಿಟ್ಟು ಬರಲಿ, ಎರಡು ಮೆಟ್ಟಿಲು ಇಟ್ಟುಕೊಂಡು ಬರಲಿ ಅನ್ನುವುದು ನನ್ನ ಆಸೆ. ನಾನು ಚಿಕ್ಕವನಿದ್ದಾಗ ಬೆಂಗಳೂರಿಗೆ ಹೋದರೆ ಎಂ.ಜಿ. ರಸ್ತೆಯ 25 ಮಹಡಿಯ ಯುಟಿಲಿಟಿ ಬಿಲ್ಡಿಂಗ್ ತೋರಿಸಿ ಅಪ್ಪ ಮಹಡಿ ಎಣಿಸಲು ಹೇಳುತ್ತಿದ್ದರು. ನಾನು ಪ್ರತಿ ಸಲ ಹದಿನೆಂಟಕ್ಕೋ ಹತ್ತೊಂಬತ್ತಕ್ಕೋ ಲೆಕ್ಕ ತಪ್ಪಿ ಮತ್ತೆ ಕೆಳಗಿನಿಂದ ಶುರು ಮಾಡುತ್ತಿದ್ದೆ. ಈಗ ಅಲ್ಲಿ 40 ಮಹಡಿ ದಾಟಿದ ಕಟ್ಟಡಗಳಿವೆ.

ಎಣಿಸದೆಯೂ ಎತ್ತರ ತಿಳಿಯುವ ದಾರಿ ಒಂದಿದೆ, ಅದನ್ನು ನಿಮ್ಮ ಶಾಲೆಯಲ್ಲೇ ಮಾಡಿ ನೋಡಿ. ಬಿಸಿಲಿರುವಾಗ ಆಟದ ಮೈದಾನದಲ್ಲಿ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ. ನೆಟ್ಟಗೆ ಇದೆಯಾ ಅಂತ ನೋಡಲು ದಾರದ ತುದಿಗೆ ಕಲ್ಲು ಕಟ್ಟಿ ಇಳಿಬಿಡಿ, ನಮ್ಮ ಮೇಸ್ತ್ರಿಗಳ ತೂಗುಗುಂಡು ಅಂದರೆ ಅದೇ. ಕೋಲಿನ ನೆರಳು ಅಳೆಯಿರಿ. ತಕ್ಷಣ ಧ್ವಜದ ಕಂಬದ ನೆರಳೂ ಅಳೆಯಿರಿ. ಕೋಲಿನ ನೆರಳು ಒಂದೂವರೆ ಮೀಟರ್, ಕಂಬದ ನೆರಳು 9 ಮೀಟರ್ ಬಂದರೆ, 9ನ್ನು ಒಂದೂವರೆಯಿಂದ ಭಾಗಿಸಿ. ಕಂಬ 6 ಮೀಟರ್. ಇದು ಸರಿ ಬಂದ ಮೇಲೆ ಶಾಲೆಯ ಕಟ್ಟಡಕ್ಕೆ ಹೋಗಿ, ಆಮೇಲೆ ಬೀದಿಯ ನೀರಿನ ಟ್ಯಾಂಕಿಗೆ. ಎರಡು ನೆರಳನ್ನೂ ಒಂದೇ ಹೊತ್ತಿನಲ್ಲಿ ಅಳೆಯಬೇಕು, ಮಧ್ಯೆ ಊಟದ ಬೆಲ್ ಹೊಡೆದರೆ ಮತ್ತೆ ಮೊದಲಿನಿಂದ ಅಳೆಯಿರಿ.